ಪಟ್ಟಿಯಲ್ಲಿಲ್ಲದ ಹನ್ನೊಂದನೇ ಮನೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿಗೇ ನೋಟಿಸು ಅಂಟಿಸಿ ಹೋಗಿದ್ದಾರೆ. ಯಾಕೆ, ಗೋಡೆ ಇರಲಿಲ್ಲವೇ? ಹೋದ ತಿಂಗಳಷ್ಟೇ ನಾನೇ ನಿಂತು ಹಸಿರು ಬಣ್ಣ ಹೊಡೆದ ಬಾಗಿಲು. ಕಾಗದ ಕಿತ್ತರೆ ಜೊತೆಗೆ ಬಣ್ಣವೂ ಎದ್ದು ಬಂತು. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ನಮ್ಮ ಹಳೆಯ ಸರಕು ಬಂದರು ಇನ್ನು ಮೇಲೆ ಬಂದರಲ್ಲವಂತೆ, ಬಡಾವಣೆಯಂತೆ. ಗೋದಾಮುಗಳಿದ್ದಲ್ಲಿ ಅಂಗಡಿಗಳು, ಸರಕು ಇಳಿಸುತ್ತಿದ್ದ ಧಕ್ಕೆಯ ಮೇಲೆ ವಾಯುವಿಹಾರದ ಹಾದಿ, ಹಡಗು ನಿಲ್ಲುತ್ತಿದ್ದಲ್ಲಿ ದೋಣಿ ಕ್ಲಬ್ಬು. ಕಾರ್ಮಿಕರ ಸಾಲಿನ ಹನ್ನೊಂದು ಮನೆಯವರು ಮೂರು ತಿಂಗಳೊಳಗೆ ಬೈಪಾಸಿನ ಆಚೆಯ ಕಟ್ಟಡಕ್ಕೆ 'ತಾತ್ಕಾಲಿಕವಾಗಿ' ಹೋಗಬೇಕು. ಆರು ವರ್ಷದ ಹಿಂದೆ ಬಂದರು ಮುಚ್ಚಿದಾಗ, ಬಡಾವಣೆ ಕಟ್ಟುವ ಇದೇ ಕಂಪನಿ ಕೊಟ್ಟ ಕಾಗದದಲ್ಲಿ ಏನಿತ್ತು? ಇದೇ ಆವರಣದಲ್ಲಿ ಹೊಸ ಮನೆ ಕಟ್ಟಿ, ಬೀಗದ ಕೈ ನಮ್ಮ ಕೈಗೆ ಕೊಟ್ಟ ಮೇಲೆಯೇ ಹಳೆಯದನ್ನು ಮುಟ್ಟುವುದು ಎಂದಿತ್ತು. ತಾತ್ಕಾಲಿಕವಂತೆ! ಕಿವಿಗೆ ಹೂ ಇಡಲು ನನ್ನ ಕಿವಿಯೇ ಬೇಕಿತ್ತೇ?

ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಮಂಡಿ ನೀವಿಕೊಳ್ಳುತ್ತಾ, "ಆ ಕಟ್ಟಡಕ್ಕೆ ಲಿಫ್ಟ್ ಇದೆಯಂತಲ್ಲ" ಎಂದರು.

"ಲಿಫ್ಟಲ್ಲಿ ಸಂಸಾರ ಮಾಡ್ತೀರಾ?" ಎಂದೆ. ನೀರು ನುಗ್ಗದಿರಲಿ ಎಂದು ನಮ್ಮ ಸಾಲನ್ನು ಎತ್ತರಿಸಿ ಕಟ್ಟಿದ್ದಾರೆ, ಮನೆಗೆ ಏಳು ಮೆಟ್ಟಿಲು. ಮೂವತ್ತೆಂಟು ವರ್ಷ ಕ್ರೇನಿನ ಏಣಿ ಹತ್ತಿ ಇಳಿದ ಮಂಡಿಗೆ ಅದೂ ಭಾರವೇ, ಗೊತ್ತು. ಆದರೆ ಅದಕ್ಕೆ ಬೈಪಾಸ್ ದಾಟಬೇಕೇ?

ಈ ಪುಸ್ತಕ ತೆಗೆದದ್ದು ಅದಕ್ಕೇ. ಸಿಟ್ಟನ್ನು ಇಲ್ಲಿ ಇಳಿಸದಿದ್ದರೆ ಇವರ ಮೇಲೆ ಇಳಿಯುತ್ತದೆ. ಬರೆದಿಡುತ್ತೇನೆ: ಅವರ ಒಂದೇ ಒಂದು ಇಟ್ಟಿಗೆ ಇಲ್ಲಿ ನೆಟ್ಟಗೆ ಕೂರಲು ಬಿಡುವುದಿಲ್ಲ.

ಮಾರ್ಚ್ 9, ಶನಿವಾರ

ಕಂಪನಿಯವರ ಕ್ರೇನು ಎದ್ದು ನಿಂತಿದೆ. ಕತ್ತೆತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರ. ನಡೆಸುವವಳು ಒಬ್ಬ ಹೆಂಗಸು, ಮೂವತ್ತೈದರ ಆಸುಪಾಸು. ಏಣಿ ಹತ್ತುವುದನ್ನು ನೋಡಿದೆ, ಒಂದು ಸಲವೂ ಕೆಳಗೆ ನೋಡಲಿಲ್ಲ. ಇರಲಿ, ಶತ್ರುವಿನ ಕಡೆಯವಳು.

ಕೆಳಗೆ ನಿಂತು ಅವಳಿಗೆ ಸಿಗ್ನಲ್ ಕೊಡುವವನಂತೂ, ಅಯ್ಯೋ, ಸೊಳ್ಳೆ ಓಡಿಸುವ ಹಾಗೆ ಕೈ ಆಡಿಸುತ್ತಾನೆ. 'ಎತ್ತು' ಎಂದನೋ 'ಹೋಗಿ ಬಾ' ಎಂದನೋ ತಿಳಿಯದು. ಮೂರನೇ ಧಕ್ಕೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸಿಗ್ನಲ್ ಕೊಟ್ಟವಳು ನಾನು. ಇವರು ಕ್ರೇನಿನ ಮೇಲೆ, ನಾನು ಕೆಳಗೆ. ನನ್ನ ಕೈ ನಿಂತಲ್ಲಿ ಇಪ್ಪತ್ತು ಟನ್ ನಿಲ್ಲುತ್ತಿತ್ತು. ಹಮಾಲರು ನನಗೆ 'ನಿಲ್ಲಮ್ಮ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ತಡೆಯಲಾರದೆ ಬೇಲಿಯ ಹತ್ತಿರ ಹೋಗಿ, "ಮೊಣಕೈ ಬಿಚ್ಚಪ್ಪಾ, ಯಾರೂ ಕಚಗುಳಿ ಇಡಲ್ಲ" ಎಂದು ಹೇಳಿ ಬಂದೆ.

ಮಾರ್ಚ್ 19, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಹತ್ತು ಗಂಟೆಗೆ ಮಾಳಿಗೆಯ ಮೇಲಿದ್ದೆ. ಕೆಳಗೆ ಓಣಿಯಲ್ಲಿ ಪಕ್ಕದ ಮನೆಯ ಅಕ್ಕ ಬಕೆಟ್ ಹಿಡಿದು ಬರುತ್ತಿದ್ದಳು. ತಲೆ ಎತ್ತಿದರೆ ಕಬ್ಬಿಣದ ಪೈಪುಗಳ ಒಂದು ಕಟ್ಟು, ಒಂದು ಕಡೆ ಜಗ್ಗಿಕೊಂಡು, ಸೀದಾ ಓಣಿಯ ಮೇಲೆ ಬರುತ್ತಿದೆ. ಜನ ಇರುವ ಜಾಗದ ಮೇಲೆ, ಜನ ಇರುವ ಮನೆಯ ಮೇಲೆ ಹೊರೆ ಹಾಯಿಸಬಾರದು. ಅದು ನಮ್ಮ ಕಸುಬಿನ ಮೊದಲ ಪಾಠ. ಯೋಚಿಸಲಿಲ್ಲ. ಎರಡೂ ತೋಳು ಅಗಲಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ನಿಂತುಬಿಟ್ಟೆ.

ಕ್ರೇನು ನಿಂತಿತು! ಒಂದು ಗೇಣೂ ಮುಂದೆ ಬರಲಿಲ್ಲ.

ಬೇರೆ ಯಾವ ಸಿಗ್ನಲ್ ಆದರೂ ನೇಮಕವಾದವನು ಕೊಟ್ಟರೆ ಮಾತ್ರ ಡ್ರೈವರ್ ಕೇಳಬೇಕು. ಆದರೆ 'ನಿಲ್ಲು' ಎನ್ನುವುದನ್ನು ಯಾರೇ ಕೊಡಲಿ, ದಾರಿಹೋಕ ಕೊಡಲಿ, ನಿಲ್ಲಲೇಬೇಕು. ಮೇಲಿನವಳಿಗೆ ಅದು ಗೊತ್ತಿದೆ. ಕಲಿಸಿದವರು ಸರಿಯಾಗಿ ಕಲಿಸಿದ್ದಾರೆ.

ಸೈಟ್ ಇಂಜಿನಿಯರ್ ಓಡಿ ಬಂದು ಕೂಗಾಡಿದ. "ನೀವ್ಯಾರ್ರೀ ಕೆಲಸ ನಿಲ್ಲಿಸೋಕೆ?"

"ಬದುಕಿರೋಳು," ಎಂದೆ. "ಇವಳೂ ಬದುಕಿದಾಳೆ ನೋಡಿ, ಬಕೆಟ್ ಸಮೇತ."

ರಾತ್ರಿ ಊಟಕ್ಕೆ ಕೂತಾಗ ಇವರು, "ಇವತ್ತು ಚೆನ್ನಾಗಿ ಕೊಟ್ಟೆ" ಎಂದರು. ಮದುವೆಯಾದ ಮೇಲೆ ಇದು ಮೂರನೆಯದೋ ನಾಲ್ಕನೆಯದೋ ಹೊಗಳಿಕೆ.

ಏಪ್ರಿಲ್ 2, ಮಂಗಳವಾರ

ಯೋಚನೆ ಬಂದದ್ದು ಸ್ನಾನ ಮಾಡುವಾಗ. ಯಾರು ಕೈ ತೋರಿಸಿದರೂ ನಿಲ್ಲಬೇಕು. ಯಾಕೆ ತೋರಿಸಿದೆ ಎಂದು ಕೇಳುವುದು ನಿಂತ ಮೇಲೆ. ಹಾಗಿದ್ದರೆ ನಮ್ಮ ಹತ್ತಿರ ವಕೀಲ ಇಲ್ಲದಿದ್ದರೇನು?

ಇವತ್ತು ದೋಣಿ ಕ್ಲಬ್ಬಿನ ಮೊದಲ ತೊಲೆ ಎತ್ತಿದರು. ಕೈ ಚಾಚಿದೆ. ನಿಂತಿತು. ಇಂಜಿನಿಯರ್ ಬಂದು, ಸುತ್ತ ನೋಡಿ, ಏನೂ ಕಾಣದೆ ತಲೆ ಕೆರೆದುಕೊಂಡು ಹೋದ. ಮತ್ತೆ ಎತ್ತಿದರು. ಮತ್ತೆ ಚಾಚಿದೆ. ಹೀಗೆ ನಾಲ್ಕು ಸಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಸಾಲಿನವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ತೂಕದ ಮನೆಯ ಅಣ್ಣ, ಬಂದರಿನಲ್ಲಿ ಲಾರಿ ತೂಗುತ್ತಿದ್ದವನು, ಒಂದೊಂದು ಸಲ ನಿಂತಾಗಲೂ ಚಪ್ಪಾಳೆ ಹೊಡೆದ.

ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ!

ಇವರು ಮಾತ್ರ ಹೊರಗೆ ಬರಲಿಲ್ಲ. ಕಿಟಕಿ ಹಾಕಿಕೊಂಡು ಕೂತಿದ್ದರು. ಬಿಸಿಲಂತೆ.

ಏಪ್ರಿಲ್ 5, ಶುಕ್ರವಾರ

ಕಂಪನಿಯ ಕಡೆಯಿಂದ ನಗೆಮೊಗದವಳು ಬಂದಿದ್ದಳು. ಜನರ ಜೊತೆ ಮಾತಾಡುವುದೇ ಅವಳ ಉದ್ಯೋಗ. ಸಾವು ಕೇಳಿದರೂ ನಗುತ್ತಾಳೇನೋ. ಬಡಾವಣೆಯ ನಕ್ಷೆ ಹರಡಿ ತೋರಿಸಿದಳು. ಗ್ರಂಥಾಲಯ, ಚಿಕ್ಕ ಶಾಲೆ, ಮರಗಳು. ನಮ್ಮ ಮನೆಗಳು ಎಲ್ಲಿ ಎಂದರೆ, "ಅದು ಎರಡನೇ ಹಂತದಲ್ಲಿ ಬರುತ್ತೆ ಅಮ್ಮಾ."

"ಗ್ರಂಥಾಲಯದ ಬಾಗಿಲು ಸಮುದ್ರದ ಕಡೆ ಇಟ್ಟಿದೀರಲ್ಲ, ಆ ಗಾಳಿಗೆ ಬಾಗಿಲು ತೆಗೆಯೋಕೆ ಇಬ್ಬರು ಬೇಕು" ಎಂದೆ. ಬರೆದುಕೊಂಡಳು. ನನಗೇಕೆ ಬೇಕಿತ್ತು ಈ ಉಸಾಬರಿ? ಎಲ್ಲಾದರೂ ಇಟ್ಟುಕೊಳ್ಳಲಿ.

ಮಾಳಿಗೆಯ ಮೇಲಿನ ಹೆಂಗಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಕ್ರೇನಿನ ಮೇಲಿನವಳಿಗೆ ಹೇಳಿದರಂತೆ. 'ಹಾಗಂತ ಬರೆದು ಸಹಿ ಹಾಕಿ ಕೊಡಿ' ಎಂದಳಂತೆ ಅವಳು. ಒಬ್ಬರೂ ಸಹಿ ಹಾಕಲಿಲ್ಲವಂತೆ! ಹೆಂಗಸಿಗೆ ಗುಂಡಿಗೆ ಇದೆ.

ಏಪ್ರಿಲ್ 11, ಗುರುವಾರ

ಒಬ್ಬನ ಮಣಿಕಟ್ಟು ಮುರಿಯಿತು.

ಏಪ್ರಿಲ್ 12, ಶುಕ್ರವಾರ

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಇವತ್ತು ಸರಿಯಾಗಿ ಬರೆಯುತ್ತೇನೆ.

ಕ್ಲಬ್ಬಿನ ಗಾಜಿನ ಗೋಡೆಯನ್ನು ಎತ್ತಿದ್ದರು. ಆರು ಬಾಗಿಲಿನಷ್ಟು ಅಗಲದ ಗಾಜು. ಗಾಳಿ ಅಷ್ಟೇನೂ ಇರಲಿಲ್ಲ. ನಾನು ಕೈ ಚಾಚಿದೆ. ನಿಂತಿತು. ನಿಂತ ಮೇಲೆ ಸಮುದ್ರದ ಕಡೆಯಿಂದ ಒಮ್ಮೆಲೇ ಗಾಳಿ ಬೀಸಿತು. ಗಾಜು ತಿರುಗಿತು. ಹಗ್ಗ ಹಿಡಿದಿದ್ದ ಕೆಲಸಗಾರನನ್ನು ಎಳೆದುಕೊಂಡು ಹೋಗಿ ಕಂಬಕ್ಕೆ ಬಡಿಯಿತು. ಗಾಜು ಪುಡಿಪುಡಿ, ಅವನ ಮಣಿಕಟ್ಟು ಎರಡು ಕಡೆ ಮುರಿದಿದೆ.

ಗಾಳಿಯನ್ನು ನಾನು ಕರೆದಿರಲಿಲ್ಲ. ಅಂಥ ದೊಡ್ಡ ಗಾಜನ್ನು ಮಧ್ಯಾಹ್ನದ ಮೇಲೆ ಎತ್ತಬಾರದೆಂದು ನಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದೆಂದೂ ಗೊತ್ತಿತ್ತು. ಹೀಗೆ ಹತ್ತು ಕಾರಣ ಕೊಡಬಲ್ಲೆ.

ನಿನ್ನೆ ರಾತ್ರಿ ಇವರು ಒಂದೇ ಮಾತು ಕೇಳಿದರು. "ಏನಾದ್ರೂ ಕಂಡಿತ್ತಾ?"

"ನಮ್ಮ ಮನೆ ಹೋಗ್ತಿರೋದು ಕಂಡಿತ್ತು."

"ಮೂವತ್ತು ವರ್ಷ ನಾನು ಹೊರೆ ನೋಡಿಲ್ಲ ಕಣೇ. ನಿನ್ನ ಕೈ ನೋಡಿದೀನಿ. ಆ ಕೈಯಲ್ಲಿ ಸುಳ್ಳು ಹೇಳಿದೆ ನೀನು."

ಅಷ್ಟು ಹೇಳಿ ಎದ್ದು ಹೋದರು. ಆಮೇಲೆ ಮಾತಿಲ್ಲ. ಮಾತಾಡದಿದ್ದರೆ ಬಿಡಲಿ. ಲಿಫ್ಟ್ ಬೇಕು ಎಂದವರಿಂದ ನನಗೆ ಬುದ್ಧಿವಾದ ಬೇಕಾಗಿಲ್ಲ.

ಏಪ್ರಿಲ್ 18, ಗುರುವಾರ

ಮಾತಿಲ್ಲದೆ ಏಳನೇ ದಿನ. ಉಪ್ಪು ಬೇಕಾದರೆ ಡಬ್ಬಿಯ ಕಡೆ ಬೆರಳು ತೋರಿಸುತ್ತಾರೆ. ನಾನೂ ಕಡಿಮೆಯವಳಲ್ಲ, ಕೇಳಿಸದವಳ ಹಾಗೆ ಇರುತ್ತೇನೆ.

ಸಂಜೆ ಕ್ರೇನಿನ ಮೇಲಿನವಳು ಬಂದಳು. ಏಳು ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತಳು. ಕ್ರೇನಿನಿಂದ ಇಳಿದು ನಿಂತರೆ ಎಷ್ಟು ಗಿಡ್ಡ! ಅವಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಆವತ್ತು ಮಾಳಿಗೆಯ ಮೇಲಿನ ನನ್ನನ್ನು ಕಂಡವಳು ಅವಳೊಬ್ಬಳೇ. ಕೆಳಗಿನವರೆಲ್ಲ ಗಾಜು ನೋಡುತ್ತಿದ್ದರು. 'ಯಾವ ಸಿಗ್ನಲ್ಲೂ ಇರಲಿಲ್ಲ, ತೂಕಡಿಸಿ ನಿಲ್ಲಿಸಿದಾಳೆ' ಎಂದು ಬರೆದಿದ್ದಾರಂತೆ. ಬಂದರು ಸುರಕ್ಷತಾ ಅಧಿಕಾರಿಯ ಮುಂದೆ ವಿಚಾರಣೆ. ತಪ್ಪು ಅವಳದೆಂದಾದರೆ ಲೈಸೆನ್ಸ್ ಹೋಗುತ್ತದೆ.

ಬೈಯಲು ಬಂದಿದ್ದಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಬೈಯಲಿಲ್ಲ.

"ಒಂದೇ ಒಂದು ಗೊತ್ತಾಗ್ಬೇಕಿತ್ತು ಅಮ್ಮಾ. ಅವತ್ತು ಏನೋ ಕಂಡು ತಾನೇ ನಿಲ್ಲಿಸಿದ್ದು?"

ಚಹಾ ಮಾಡುತ್ತೇನೆ ಎಂದು ಒಳಗೆ ಹೋದೆ. ಲೋಟ ತಂದುಕೊಟ್ಟಾಗ ಅವಳೇ ಹೇಳಿದಳು. "ಕಂಡಿತ್ತು ಅಂತಾನೇ ಅಂದ್ಕೊಂಡಿದೀನಿ. ಇಲ್ಲಾಂದ್ರೆ ಇನ್ನು ಮೇಲೆ ಕೈ ಕಂಡಾಗೆಲ್ಲ 'ಇದು ನಿಜಾನಾ' ಅಂತ ಒಂದು ಕ್ಷಣ ಯೋಚಿಸ್ತೀನಿ. ಯಾರಾದ್ರೂ ಸಾಯೋಕೆ ಅಷ್ಟು ಹೊತ್ತು ಸಾಕು."

ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದಳು. ಇದನ್ನು ಬೇರೆ ಎಲ್ಲೂ ಹೇಳುವುದಿಲ್ಲ, ಇಲ್ಲಿ ಹೇಳುತ್ತೇನೆ: ನಾಚಿಕೆಯಾಯಿತು. ಆದರೆ ಅದರಿಂದ ಕಂಪನಿಯವರು ಒಳ್ಳೆಯವರಾಗುವುದಿಲ್ಲ.

ಮಾಳಿಗೆಗೆ ಹೋಗಿಲ್ಲ ಈ ವಾರ. ಮಂಡಿ ನೋವು ನನಗೂ ಶುರುವಾಗಿರಬೇಕು.

ಏಪ್ರಿಲ್ 27, ಶನಿವಾರ

ನನಗೂ ವಿಚಾರಣೆಗೆ ಕರೆ ಬಂದಿದೆ. ಸಾಲಿನವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ತೂಕದ ಮನೆಯ ಅಣ್ಣ ನೋಟಿಸಿನ ಹಿಂಬದಿಯ ಸಣ್ಣ ಅಕ್ಷರ ಓದಿದ. ಕೆಲಸಕ್ಕೆ ಬೇಕೆಂದೇ ಅಡ್ಡಿಪಡಿಸಿದವರ ಮನೆಯನ್ನು ಹೊಸ ಮನೆಗಳ ಪಟ್ಟಿಯಿಂದ ತೆಗೆದುಹಾಕಲಾಗುವುದು. ಒಪ್ಪಿಕೊಂಡರೆ ನಮ್ಮ ಮನೆ ಹೋಯಿತು. ಒಪ್ಪದಿದ್ದರೆ ಅವಳ ಲೈಸೆನ್ಸ್.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದ ಅಣ್ಣ. "ದುಪ್ಪಟಿ ಒಣಗ್ಹಾಕ್ತಿದ್ದೆ ಅನ್ನು. ದುಪ್ಪಟಿ ಒಣಗಿಸೋರು ಕೈ ಅಗಲಿಸಲ್ವಾ? ಅವಳು ತಪ್ಪು ತಿಳ್ಕೊಂಡ್ಳು. ಮುಗೀತು."

ಎಷ್ಟು ಸಲೀಸು! ನಿಜಕ್ಕೂ ದುಪ್ಪಟಿ ಒಣಗಿಸುವುದು ಹಾಗೆಯೇ. ಯಾರೂ ಅನುಮಾನಪಡುವುದಿಲ್ಲ.

ಪಕ್ಕದ ಮನೆಯ ಅಕ್ಕ ಕೇಳಿದಳು, "ಆ ಹುಡುಗಿ ಗತಿ?"

"ವಯಸ್ಸಿದೆ, ಬೇರೆ ಕೆಲಸ ಸಿಗುತ್ತೆ" ಎಂದ ಅಣ್ಣ. ಅವನು ಕೆಟ್ಟವನಲ್ಲ. ನಮ್ಮ ಮನೆ ಉಳಿಯಲಿ ಎಂದೇ ಹೇಳಿದ್ದು.

ಇವರು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಬಾಯಿಗೆ ಬೀಗ.

ಮೇ 6, ಸೋಮವಾರ

ಹಳೆಯ ಸುಂಕದ ಕಚೇರಿಯನ್ನೇ ಈಗ ಕಂಪನಿಯ ಕಚೇರಿ ಮಾಡಿದ್ದಾರೆ. ಮಹಡಿಯಲ್ಲಿ ಉದ್ದನೆಯ ಮೇಜು. ಒಂದು ತುದಿಯಲ್ಲಿ ಅಧಿಕಾರಿ, ಕನ್ನಡಕ ಹಣೆಗೇರಿಸಿದ ಸಣಕಲು ಮನುಷ್ಯ. ಒಂದು ಕಡೆ ಕಂಪನಿಯ ವಕೀಲ, ಇಂಜಿನಿಯರ್, ನಗೆಮೊಗದವಳು. ಇನ್ನೊಂದು ಕಡೆ ನಮ್ಮ ಕ್ರೇನಿನ ಹುಡುಗಿ, ಒಬ್ಬಳೇ. ಹಗ್ಗ ಹಿಡಿದಿದ್ದವನೂ ಬಂದಿದ್ದ, ಕೈಗೆ ಬಿಳಿಯ ಕಟ್ಟು. ಅವನ ಪಕ್ಕದಲ್ಲೇ ನನಗೆ ಕುರ್ಚಿ ಸಿಕ್ಕಿತು.

ಇಂಜಿನಿಯರ್ ತೂಕಡಿಕೆಯ ಕಥೆ ಹೇಳಿದ. ಅವಳು ಎದ್ದು ನಿಂತು ಇಷ್ಟೇ ಹೇಳಿದಳು. "ಮಾಳಿಗೆ ಮೇಲೆ ಕೈ ಕಂಡಿತು. ನಿಲ್ಲಿಸಿದೆ."

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಅವತ್ತು ಮಾಳಿಗೆ ಮೇಲಿದ್ರಾ?"

"ಇದ್ದೆ."

"ಬಟ್ಟೆ ಒಣಗ್ಹಾಕೋಕಾ?"

ಸುಳ್ಳನ್ನು ಅವರೇ ಬಾಯಿಗೆ ಇಟ್ಟುಬಿಟ್ಟರು! ಹೌದು ಎಂದರೆ ಸಾಕಿತ್ತು. ಒಂದು ಹೌದು, ಮನೆ ನನ್ನದು. ಹಿಂದಿನ ಸಾಲಿನಲ್ಲಿ ತೂಕದ ಮನೆಯ ಅಣ್ಣ ಹೌದೆನ್ನುವ ಹಾಗೆ ತಲೆಯಾಡಿಸುತ್ತಿದ್ದ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದಳು.

"ಇಲ್ಲ ಸಾರ್," ಎಂದೆ. "ನಾನು ಕೊಟ್ಟಿದ್ದು ನಿಲ್ಲು ಅನ್ನೋ ಸಿಗ್ನಲ್. ಇಪ್ಪತ್ತೊಂಬತ್ತು ವರ್ಷ ಕೊಟ್ಟಿದೀನಿ, ನನ್ನ ಸಿಗ್ನಲ್ ನೋಡಿ ದುಪ್ಪಟಿ ಅಂತ ಯಾರೂ ತಿಳ್ಕೊಳ್ಳಲ್ಲ. ಆದ್ರೆ ಅವತ್ತು ನನಗೆ ಏನೂ ಕಂಡಿರಲಿಲ್ಲ. ಸುಳ್ಳು ಸಿಗ್ನಲ್. ಅದಕ್ಕೂ ಮುಂಚೆ ಕೊಟ್ಟಿದ್ದೂ ಮೊದಲನೇದೊಂದು ಬಿಟ್ಟು ಎಲ್ಲ ಸುಳ್ಳೇ. ಅವಳು ನಿಲ್ಲಿಸಿದ್ದು ಸರಿ."

ಪಕ್ಕದವನ ಕಡೆ ತಿರುಗಿ, "ನಿನ್ನ ಕೈ ಮುರಿದವಳು ನಾನು" ಎಂದೆ. ಅವನು ತನ್ನ ಕಟ್ಟು ನೋಡಿಕೊಂಡು, "ಪರವಾಗಿಲ್ಲಮ್ಮ" ಎಂದ. ಪರವಾಗಿಲ್ಲ ಅನ್ನುವಂಥದ್ದಲ್ಲ ಅದು.

ಅಧಿಕಾರಿ ಕನ್ನಡಕ ಕಣ್ಣಿಗೆ ಇಳಿಸಿಕೊಂಡರು. "ಹೀಗೆ ಹೇಳಿದ್ರೆ ನಿಮ್ಮ ಮನೆ ಏನಾಗುತ್ತೆ ಗೊತ್ತಾ?"

"ಗೊತ್ತು. ಓದೋಕೆ ಬರುತ್ತೆ ನನಗೆ. ಅದಕ್ಕೇ ಈ ಕಂಪನಿಯವರು ಆರು ವರ್ಷದ ಹಿಂದೆ ಕೊಟ್ಟ ಕಾಗದಾನೂ ಓದಿದೀನಿ. ಮೊದಲು ಮನೆ ಕಟ್ತೀವಿ, ಆಮೇಲೆ ಕೆಡವ್ತೀವಿ ಅಂತ ಇದೆ. ನಾನು ಕೈಯಲ್ಲಿ ಸುಳ್ಳು ಹೇಳಿದೆ, ಇವರು ಕಾಗದದಲ್ಲಿ ಹೇಳಿದ್ರು. ನಾನು ಒಪ್ಪಿಕೊಂಡಾಯ್ತು. ಈಗ ಇವರ ಸರದಿ."

ವಕೀಲ ಎದ್ದ. ಅಧಿಕಾರಿ ಕೂರಿಸಿದರು. ನಗೆಮೊಗದವಳ ಮುಖದಲ್ಲಿ ನಗು ಇರಲಿಲ್ಲ, ಮೊದಲ ಸಲ ಅವಳ ಮುಖ ಸರಿಯಾಗಿ ಕಂಡಿತು.

ದಾರಿಯಲ್ಲಿ ಅಣ್ಣ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದ. ಮನೆಗೆ ಬಂದರೆ ಅಡುಗೆ ಆಗಿತ್ತು. ಇವರು ಅನ್ನ ಸೀಯಿಸಿದ್ದರು. ಯಾಕೆ ಈ ಕೆಲಸ ಮಾಡಲು ಹೋದರೋ! ಸೀದ ಅನ್ನವನ್ನೇ ಇಬ್ಬರೂ ತಿಂದೆವು. ಮಾತಿರಲಿಲ್ಲ.

ಮೇ 14, ಮಂಗಳವಾರ

ಆದೇಶ ಬಂತು. ಅವಳ ಲೈಸೆನ್ಸ್ ವಾಪಸು. ಹಗ್ಗದವನ ಆಸ್ಪತ್ರೆಯ ಖರ್ಚು ಪೂರ್ತಿ ಕಂಪನಿಯದು. ಹತ್ತು ಮನೆಗಳಿಗೆ ಹಳೆಯ ಕಾಗದವೇ ಊರ್ಜಿತ, ಹೊಸ ಮನೆ ಕಟ್ಟಿದ ಮೇಲೆಯೇ ತೆರವು. ಹನ್ನೊಂದನೇ ಮನೆ, ಅಂದರೆ ನಮ್ಮದು, ಪಟ್ಟಿಯಿಂದ ವಜಾ.

ಹತ್ತು ಮನೆ ಗೆದ್ದವು ಎಂದು ಬರೆಯಬೇಕು ನಾನು. ಬರೆದೆ. ಖುಷಿಯೂ ಆಯಿತು, ಸುಳ್ಳಲ್ಲ. ಪಕ್ಕದ ಮನೆಯ ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ಹೋದ ಮೇಲೆ ನಾನೂ ಒಳಗೆ ಹೋಗಿ ಅತ್ತೆ, ಹಸಿರು ಬಾಗಿಲಿಗೆ ತಲೆ ಕೊಟ್ಟುಕೊಂಡು.

ಪಟ್ಟಿಯಲ್ಲಿ ಇಲ್ಲದಿದ್ದರೆ ಇಲ್ಲ. ಹೋಗು ಎಂದು ಬಾಯಿ ಬಿಟ್ಟು ಹೇಳಲಿ, ಆಗ ನೋಡೋಣ. ಪಾತ್ರೆ ಕಟ್ಟುವುದಿಲ್ಲ.

ಮೇ 20, ಸೋಮವಾರ

ನಮ್ಮ ಹುಡುಗಿ ಕೆಲಸಕ್ಕೆ ಬಂದಳು. ನೆಟ್ಟಗೆ ಏಣಿ ಹತ್ತಿದಳು. ಕೆಳಗಿನವನೂ ಪರವಾಗಿಲ್ಲ, ಈಗ ಮೊಣಕೈ ಬಿಚ್ಚಿ ಕೊಡುತ್ತಾನೆ.

ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು, ಇವರು ಆ ತುದಿಗೆ, ನಾನು ಈ ತುದಿಗೆ. ಗ್ರಂಥಾಲಯದ ಉಕ್ಕಿನ ತೊಲೆ ಎತ್ತಬೇಕಿತ್ತು. ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದ್ದಾರಂತೆ, ಒಳ್ಳೆಯದಾಯಿತು, ಮುದುಕರೂ ಮಕ್ಕಳೂ ಓಡಾಡುವ ಜಾಗ. ಆದರೆ ರಸ್ತೆಯಿಂದ ಅಲ್ಲಿಗೆ ತೊಲೆ ಸಾಗಿಸಬೇಕಾದರೆ ಸಾಲಿನ ತುದಿಯ ಒಂದೇ ಒಂದು ಮನೆಯ ಮೇಲೆ ಹಾಯಬೇಕು. ನಮ್ಮದು. ಅದಕ್ಕೇನು, ಆ ಮನೆ ಪಟ್ಟಿಯಲ್ಲೇ ಇಲ್ಲವಲ್ಲ ಎಂದುಕೊಂಡಿದ್ದಾರೆ ಕಂಪನಿಯವರು.

ತೊಲೆ ಆಳೆತ್ತರ ಎದ್ದಿತು. ಅಲ್ಲೇ ನಿಂತಿತು. ಮೆತ್ತಗೆ ಕೆಳಗಿಳಿಯಿತು.

ನಾನು ಕೈ ಎತ್ತಿರಲಿಲ್ಲ. ದೇವರಾಣೆ, ಎರಡೂ ಕೈ ಮಡಿಲಲ್ಲಿದ್ದವು.

ಇಂಜಿನಿಯರ್ ವಾಕಿಟಾಕಿ ಹಿಡಿದು ಕೂಗುತ್ತಿದ್ದ. ಅವಳ ಮಾತು ಅದರಲ್ಲಿ ಗರಗರ ಎನ್ನುತ್ತಾ ನಮಗೂ ಕೇಳಿಸಿತು.

"ತುದಿ ಮನೇಲಿ ಜನ ಇದಾರೆ ಸಾರ್."

"ಆ ಮನೆ ಪಟ್ಟೀಲಿ ಇಲ್ಲಮ್ಮಾ!"

"ಪಟ್ಟಿ ನನಗೆ ಇಲ್ಲಿಂದ ಕಾಣಲ್ಲ. ಜನ ಕಾಣ್ತಾರೆ."

ಮಧ್ಯಾಹ್ನದವರೆಗೆ ತೊಲೆ ನೆಲದಲ್ಲೇ ಬಿದ್ದಿತ್ತು. ಅಧಿಕಾರಿಗೆ ಫೋನು ಹೋಯಿತಂತೆ. ಜನ ವಾಸವಿರುವ ಮನೆ ಎಂದರೆ ವಾಸವಿರುವ ಮನೆಯೇ, ಅವರಿಗೆ ಬೇರೆ ಮನೆ ಕೊಡದೆ ಅದರ ಮೇಲೆ ಏನನ್ನೂ ಹಾಯಿಸುವ ಹಾಗಿಲ್ಲ, ಮೊದಲು ಎಷ್ಟು ಜನ ಎಂದು ದಾಖಲು ಮಾಡಿ ಎಂದರಂತೆ. ಮೂರು ಗಂಟೆಗೆ ನಗೆಮೊಗದವಳು ಒಂದು ನಮೂನೆ, ಪೆನ್ಸಿಲು ಹಿಡಿದು ಏಳು ಮೆಟ್ಟಿಲು ಹತ್ತಿ ಬಂದಳು. ನಗುತ್ತಿರಲಿಲ್ಲ, ಬೆವರುತ್ತಿದ್ದಳು. ನೀರು ಕೊಟ್ಟೆ.

"ಈ ಮನೇಲಿ ವಾಸ ಇರೋರು ಎಷ್ಟು ಜನ?"

ನಾನು ಬಾಯಿ ತೆರೆಯುವ ಮೊದಲೇ ಆ ತುದಿಯಿಂದ ಉತ್ತರ ಬಂತು. ಮೂವತ್ತೊಂಬತ್ತು ದಿನದ ಮೇಲೆ ಕೇಳಿದ ದನಿ, ಕೆಮ್ಮಿದ ಹಾಗಿತ್ತು.

"ಇಬ್ಬರು," ಎಂದರು ಇವರು. "ನಾನು, ನಮ್ಮ ಮನೆಯವಳು. ಇಬ್ಬರೂ ಇಲ್ಲೇ ಇರ್ತೀವಿ. ಪೆನ್ಸಿಲಲ್ಲಿ ಬೇಡಮ್ಮಾ, ಪೆನ್ನಲ್ಲಿ ಬರ್ಕೊಳಿ."

ಅವಳ ಹತ್ತಿರ ಪೆನ್ನಿರಲಿಲ್ಲ. ಒಳಗೆ ಹೋಗಿ ಈ ಪುಸ್ತಕದೊಳಗಿನದನ್ನೇ ತಂದು ಕೊಟ್ಟೆ. ಬರೆದುಕೊಂಡಳು. ಅದನ್ನು ವಾಪಸು ಕೊಡಲು ಮರೆತು ಹೋದಳು, ಹೋಗಲಿ. ಇವತ್ತಿನದನ್ನು ಅವಳು ಬಿಟ್ಟುಹೋದ ಪೆನ್ಸಿಲಿನಲ್ಲಿ ಬರೆದಿದ್ದೇನೆ.